ಗುಳೇದಗುಡ್ಡದ ಖಣದ ಚೀಲಗಳು: ನವನಗರದ ವಿದ್ಯಾರ್ಥಿನಿಯೊಬ್ಬಳ ಮನೆ ಉದ್ಯಮ

ಬಾಗಲಕೋಟೆಯ ನವನಗರದಲ್ಲಿ ಬಿ.ಕಾಂ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಗುಳೇದಗುಡ್ಡದ ಖಣದಿಂದ ಲ್ಯಾಪ್‌ಟಾಪ್ ಚೀಲ, ಫೈಲು, ಪರ್ಸುಗಳನ್ನು ಹೊಲಿದು ಮಾರುತ್ತಾಳೆ. ಅಂಗಡಿ ಇಲ್ಲ, ಫಲಕವೂ ಇಲ್ಲ. ವ್ಯವಹಾರವೆಲ್ಲ ವಾಟ್ಸ್ಆ್ಯಪ್‌ನಲ್ಲಿ ಮತ್ತು ಪರಿಚಯದವರ ಬಾಯಿಮಾತಿನಲ್ಲಿ ನಡೆಯುತ್ತದೆ. ಉದ್ಯಮದ ಹೆಸರನ್ನು ಬರೆಯಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ. ಸೆಮಿಸ್ಟರ್ ಕೊನೆಗೆ ಬಂದಿರುವಾಗ ಹೊಸ ಗಿರಾಕಿಗಳು ಬರುವುದು ಅವಳಿಗೆ ಬೇಕಿಲ್ಲ. ನಮ್ಮ ವಿಭಾಗದ ಹಿರಿಯರೊಬ್ಬರ ಬೀಳ್ಕೊಡುಗೆಗಾಗಿ ಒಂದು ಲ್ಯಾಪ್‌ಟಾಪ್ ಚೀಲವನ್ನೂ ನನ್ನ ಬಳಕೆಗೆ ಇನ್ನೊಂದನ್ನೂ ಕೆಲವು ಫೈಲುಗಳನ್ನೂ ಅವಳಿಂದ ಕೊಂಡೆ. ಓದುವ ಹುಡುಗಿ ಮಾಡಿದ್ದು ಎಂಬ ರಿಯಾಯಿತಿ ತೋರದೆ, ದುಡ್ಡು ಕೊಟ್ಟು ತಂದ ಯಾವುದೇ ವಸ್ತುವನ್ನು ನೋಡುವ ಕಣ್ಣಿನಿಂದಲೇ ಇವುಗಳನ್ನು ನೋಡಿದ್ದೇನೆ.

ಖಣ ಮೂಲತಃ ಕುಪ್ಪಸದ ಬಟ್ಟೆ. ಇಳಕಲ್ ಸೀರೆಯ ಜೊತೆ ತೊಡುವುದಕ್ಕೆಂದೇ ನೇಯ್ದ ಈ ಬಟ್ಟೆಗೆ, ಊರಿನ ಹೆಸರಿನೊಂದಿಗೆ ಗುರುತಿಸಲಾಗುವ ಉತ್ಪನ್ನಗಳಿಗೆ ಸಿಗುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ಆದರೆ ಅದರ ಪನ್ನ, ಅಂದರೆ ಅಗಲ, ಕಿರಿದು, ಎಳೆ ನವಿರು, ಎರಡು ಕೆ.ಜಿ. ತೂಕದ ಯಂತ್ರವನ್ನೂ ಅದರ ಚಾರ್ಜರನ್ನೂ ಹೊರಲಿ ಎಂದು ಯಾವ ನೇಕಾರನೂ ಅದನ್ನು ನೇಯ್ದಿಲ್ಲ. ವಿನ್ಯಾಸಕ್ಕಾಗಿ ಹಾಸಿನಲ್ಲಿ (ಮಗ್ಗದ ಉದ್ದನೆಯ ಎಳೆಗಳಲ್ಲಿ) ಸೇರಿಸಿದ ಹೆಚ್ಚುವರಿ ಎಳೆಗಳು ಹಿಂಬದಿಯಲ್ಲಿ ಸಡಿಲವಾಗಿರುವುದರಿಂದ ಚಾರ್ಜರಿನ ಪಿನ್ನೋ ಕೈಬಳೆಯೋ ತಾಗಿದರೆ ಎಳೆ ಕೀಳುವ ಭಯವೂ ಉಂಟು. ಈ ತೊಡಕನ್ನು ಅವಳು ಚೆನ್ನಾಗಿ ಅರಿತಿದ್ದಾಳೆ. ಚೀಲದ ಭಾರವನ್ನೆಲ್ಲ ಒಳಗಿನ ದಪ್ಪ ಕ್ಯಾನ್ವಾಸಿನ ಮೇಲೆ ಬೀಳುವಂತೆ ಹೊಲಿದು, ನಡುವೆ ಫೋಮ್ ಇಟ್ಟು, ಖಣವನ್ನು ಮೇಲ್ಮೈಗೆ ಮಾತ್ರ ಬಳಸಿದ್ದಾಳೆ. ಹಿಡಿಕೆಯ ಪಟ್ಟಿ ಕೂಡ ಕ್ಯಾನ್ವಾಸಿಗೇ ಸೇರಿದೆ. ಹೊಲಿಗೆಯ ಅಂಚನ್ನು ಮಡಿಸಿ ಎರಡು ಸಾಲು ಹಾಕಿರುವುದರಿಂದ ದಿನವೂ ಬಸ್ಸಿನಲ್ಲಿ ಒಯ್ದರೂ ನನ್ನ ಚೀಲದ ಮೂಲೆಗಳು ಇನ್ನೂ ಬಿಚ್ಚಿಲ್ಲ. ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು ದಡಿಯನ್ನು ಬಳಸಿದ ಬಗೆ. ಬಹಳಷ್ಟು ಕಡೆ ಅದನ್ನು ಕತ್ತರಿಸಿ ಎಸೆಯುತ್ತಾರೆ. ಇವಳು ಅದನ್ನು ಉಳಿಸಿ ಚೀಲದ ಬಾಯಿಗೆ ಪಟ್ಟಿಯಾಗಿ ಕೊಟ್ಟಿದ್ದಾಳೆ.

ಕೊರತೆಗಳೂ ಇವೆ. ಚೈನು ಅಗ್ಗದ್ದು, ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟು ಒಳ್ಳೆಯ ಹೊಲಿಗೆಗೆ ಅದು ತಕ್ಕುದಲ್ಲ. ಒಂದು ಫೈಲಿನಲ್ಲಿ ಮುಂಬದಿಯ ವಿನ್ಯಾಸ ಉದ್ದಕ್ಕೂ ಹಿಂಬದಿಯದು ಅಡ್ಡಕ್ಕೂ ಬಂದಿದೆ. ಕಿರಿದಾದ ಬಟ್ಟೆಯನ್ನು ಉಳಿಸಲು ಹಾಗೆ ಕತ್ತರಿಸಿರಬೇಕು, ಆದರೆ ಕೊಳ್ಳುವ ಮೊದಲು ಆ ಮಾತು ಹೇಳಿದ್ದರೆ ಚೆನ್ನಾಗಿತ್ತು. ತೊಳೆಯುವುದು ಹೇಗೆಂಬ ಸೂಚನೆಯ ಚೀಟಿಯೂ ಇಲ್ಲ. ಗಾಢ ಕೆಂಪಿನ ಬಟ್ಟೆ ನೀರಿಗೆ ಬಣ್ಣ ಬಿಟ್ಟೀತೇ ಎಂಬುದು ಗಿರಾಕಿಯ ಮೊದಲ ಪ್ರಶ್ನೆಯೆಂದು ಅವಳಿಗೆ ಹೊಳೆಯಬೇಕಿತ್ತು.

ಸೇವೆಯ ವಿಷಯಕ್ಕೆ ಬಂದರೆ ಹೇಳುವುದು ಹೆಚ್ಚಿದೆ. ಅರ್ಧ ಮುಂಗಡ ಕೊಟ್ಟ ಮೇಲೆ ವಸ್ತು ಕೊಡುವ ದಿನಾಂಕವನ್ನು ಅವಳು ಬರೆದೇ ಕಳಿಸುತ್ತಾಳೆ, ಮತ್ತು ಆ ದಿನಾಂಕವನ್ನು ಹೇಳುವ ಮೊದಲು ಕಾಲೇಜಿನ ವೇಳಾಪಟ್ಟಿಯನ್ನು ನೋಡುತ್ತಾಳೆ. ಗುಳೇದಗುಡ್ಡಕ್ಕೆ ಹೋಗಿ ಬಟ್ಟೆ ತರುವುದು ರಜೆಯ ದಿನ, ಕತ್ತರಿಸುವುದು ರವಿವಾರ, ಹೊಲಿಗೆ ಸಂಜೆ. ಆ ಹೊಲಿಗೆಯಲ್ಲಿ ಅವಳ ತಾಯಿಯ ಪಾಲೂ ಇದೆ, ಯಂತ್ರವಂತೂ ತಾಯಿಯದೇ. ಅಳತೆಗಳನ್ನು ಎರಡಕ್ಕೆ ಸೀಮಿತಗೊಳಿಸಿದ್ದಾಳೆ. ಗಿರಾಕಿ ಹೇಳಿದ ಅಳತೆಗೆಲ್ಲ ಹೊಲಿದುಕೊಟ್ಟರೆ ಗಳಿಕೆ ಹೆಚ್ಚೆಂದು ತೋರಬಹುದಾದರೂ, ಪ್ರತಿ ಆರ್ಡರಿಗೂ ಹೊಸ ಕಾಗದದ ಮಾದರಿ ಕತ್ತರಿಸುತ್ತ ಕೂತವಳಿಗೆ ಶೇಕಡಾ 75ರ ಹಾಜರಿ ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ನಾನು ಇನ್ನೊಂದು ಚೀಲ ಕೇಳಿದಾಗ, "ಪರೀಕ್ಷೆ ಮುಗಿಯೋತನಕ ಹೊಸಾ ಆರ್ಡರ್ ತಗೊಳ್ಳಂಗಿಲ್ರಿ ಸರ್, ಆಮ್ಯಾಲೆ ಹೊಲ್ದು ಕೊಡ್ತೀನ್ರಿ" ಎಂದಳು. ಬೇರೆಡೆ ದರ್ಜಿಗಳಿಂದ ವಾರಗಟ್ಟಲೆ "ನಾಳೆ ಬರ್ರಿ" ಎಂದು ಕೇಳಿ ದಣಿದವನಿಗೆ ಈ ನೇರ ನಿರಾಕರಣೆ ಹಿತವೆನಿಸಿತು. ಒಪ್ಪಿಕೊಂಡ ಆರ್ಡರನ್ನು ಹೇಳಿದ ದಿನವೇ ಕೊಟ್ಟಳು ಎಂಬುದನ್ನೂ ಸೇರಿಸಬೇಕು.

ಬೆಲೆಯ ಬಗ್ಗೆ ನನ್ನ ತಕರಾರು ತಲೆಕೆಳಗಾದದ್ದು: ಅದು ತೀರ ಕಡಿಮೆ. ಲ್ಯಾಪ್‌ಟಾಪ್ ಚೀಲಕ್ಕೆ 550 ರೂಪಾಯಿ. ವಿದ್ಯುತ್ ಮಗ್ಗದಲ್ಲಿ ನೇಯ್ದು ಮೀಟರ್ ಲೆಕ್ಕದಲ್ಲಿ ಮಾರುವ ಖಣದ ಮಾದರಿಯ ಬಟ್ಟೆಯಾಗಿದ್ದರೆ ಈ ಬೆಲೆಯನ್ನು ಒಪ್ಪಬಹುದಿತ್ತು. ಕೈಮಗ್ಗದ ಖಣಕ್ಕೆ ಇದು ಹೊಂದುವುದಿಲ್ಲ. ಅವಳ ಲೆಕ್ಕದ ವಹಿಯಲ್ಲಿ ಬಟ್ಟೆ, ಫೋಮ್, ಚೈನು, ದಾರ, ಬಸ್ಸಿನ ಚಾರ್ಜು ಎಲ್ಲವೂ ಇವೆ. ತಾಯಿಯ ಮತ್ತು ತನ್ನ ದುಡಿಮೆಯ ಕಾಲಂ ಮಾತ್ರ ಇಲ್ಲ. ವೆಚ್ಚ ಲೆಕ್ಕಶಾಸ್ತ್ರದ ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ನಾನೇ ಅಂಕ ಕಳೆಯುತ್ತಿದ್ದೆ. ಸಂಜೆಯ ಎರಡು ತಾಸಿಗೆ ಬೆಲೆಯಿಲ್ಲವೆಂದು ನಂಬಿದರೆ, ಆ ಎರಡು ತಾಸನ್ನು ಓದಿನಿಂದ ಕದಿಯುವುದೂ ಸುಲಭವಾಗುತ್ತದೆ. 700 ರೂಪಾಯಿ ಇಟ್ಟು ಕಡಿಮೆ ಚೀಲಗಳನ್ನು ಹೊಲಿಯುವುದು ಅವಳಿಗೂ ಲಾಭ, ಆಗ ಒಳ್ಳೆಯ ಚೈನು ಹಾಕಲೂ ಅವಕಾಶವಾಗುತ್ತದೆ.

ಕಾಗದಪತ್ರಗಳಲ್ಲಿ ಅವಳು ಅಚ್ಚುಕಟ್ಟು. ಸಣ್ಣ ಉದ್ಯಮಗಳಿಗೆಂದು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಆಧಾರ್ ಸಂಖ್ಯೆಯ ಮೂಲಕ ಸರ್ಕಾರದ ಜಾಲತಾಣದಲ್ಲಿ ತಾನೇ ಮಾಡಿಕೊಂಡಿದ್ದಾಳೆ. ಅದಕ್ಕೆ ಶುಲ್ಕವೇ ಇಲ್ಲ. ಮಾಡಿಸಿಕೊಡುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳಿದ್ದಾರೆ ಎಂಬುದನ್ನು ಇತರ ವಿದ್ಯಾರ್ಥಿಗಳೂ ತಿಳಿದಿರಲಿ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ. ಅಂಥ ಸಣ್ಣ ಮಾರಾಟಗಾರರು ಆನ್‌ಲೈನ್ ತಾಣಗಳ ಮೂಲಕ ರಾಜ್ಯದೊಳಗೆ ಮಾರುವುದಕ್ಕೂ, ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದುಕೊಂಡರೆ, 2023ರ ಅಕ್ಟೋಬರ್ 1ರಿಂದ ಅವಕಾಶವಾಗಿದೆ. ಆದರೂ ಅವಳು ಅಲ್ಲಿಗೆ ಕಾಲಿಟ್ಟಿಲ್ಲ. ಅಂಥ ತಾಣಗಳಲ್ಲಿ ಆರ್ಡರ್ ಬಂದ ಮೇಲೆ ರವಾನೆಯ ಗಡುವನ್ನು ನಿಗದಿಪಡಿಸುವವರು ಬೇರೆಯವರು. ಆಂತರಿಕ ಪರೀಕ್ಷೆಯ ದಿನವೇ ಐದು ಚೀಲಗಳ ಬೇಡಿಕೆ ಬಂದರೆ ಅದನ್ನು ಮುಂದೂಡುವ ಸ್ವಾತಂತ್ರ್ಯ ಅವಳಿಗಿರುವುದಿಲ್ಲ. ಪದವಿ ಮುಗಿಯುವವರೆಗೆ ವಾಟ್ಸ್ಆ್ಯಪ್ ಸಾಕೆಂಬ ಅವಳ ತೀರ್ಮಾನ ನನಗೆ ಸರಿಯೆನಿಸುತ್ತದೆ. ಅವಳ ಗೆಳತಿಯರಲ್ಲಿ ಕೆಲವರು ಇದನ್ನು ಅಂಜಿಕೆ ಎನ್ನುತ್ತಾರಂತೆ.

ಒಂದೋ ಎರಡೋ ಉಡುಗೊರೆ ಬೇಕಾದವರು, ತಿಂಗಳ ಮೊದಲೇ ಹೇಳಬಲ್ಲವರು, ಪರೀಕ್ಷೆ ಮುಗಿದ ಮೇಲೆ ಪರಿಚಯದವರ ಮೂಲಕ ಧಾರಾಳವಾಗಿ ಇವಳಲ್ಲಿ ಕೊಳ್ಳಬಹುದು. ಆರ್ಡರ್ ಕೊಡುವಾಗ ಗಟ್ಟಿ ಚೈನು ಹಾಕಿರೆಂದು ಕೇಳಿ, ಅದಕ್ಕೆ ಹೆಚ್ಚಿನ ದುಡ್ಡನ್ನೂ ಕೊಡಿ. ಮದುವೆಗೆ, ಸಮ್ಮೇಳನಕ್ಕೆ ಎಂದು ನೂರಾರು ಚೀಲ ಬೇಕಾದವರಿಗೆ ಇದು ಸ್ಥಳವಲ್ಲ, ಅಂಥವರನ್ನು ಅವಳೇ ಬೇರೆ ಹೊಲಿಗೆಯವರ ಬಳಿ ಕಳಿಸುತ್ತಾಳೆ.