ಕಂತು ಮುಂದೂಡುತ್ತೇವೆ ಎಂದು ಬ್ಯಾಂಕಿನವರು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ: ಶಿಕ್ಷಣ ಸಾಲ ಪಡೆದ ಎಂಬಿಬಿಎಸ್ ಪದವೀಧರರು ಓದಲೇಬೇಕು

ಇಂಟರ್ನ್‌ಶಿಪ್ ಮುಗಿಸುತ್ತಿರುವವರೇ, ನಿಮ್ಮ ಶಿಕ್ಷಣ ಸಾಲದ ಮಂಜೂರಾತಿ ಪತ್ರವನ್ನು ಇವತ್ತೇ ಹುಡುಕಿ ತೆಗೆಯಿರಿ. ಕೋರ್ಸ್ ಅವಧಿ ಎಷ್ಟು ತಿಂಗಳು ಎಂದು ಬರೆದಿದ್ದಾರೆ ನೋಡಿ. 54 ಎಂದಿದ್ದರೆ ನನಗಾದದ್ದು ನಿಮಗೂ ಆಗುತ್ತದೆ.

ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂಬುದು ಸಾಲ ತೆಗೆದವರಿಗೆಲ್ಲ ಗೊತ್ತು. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಅದಿದೆ. ಎಂಬಿಬಿಎಸ್ ಎಂದರೆ 54 ತಿಂಗಳ ಓದು, ಜೊತೆಗೆ 12 ತಿಂಗಳ ಕಡ್ಡಾಯ ಇಂಟರ್ನ್‌ಶಿಪ್. ಅದನ್ನು ಮುಗಿಸದೆ ಪದವಿಯೂ ಇಲ್ಲ, ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿಯೂ ಇಲ್ಲ. ಅಂದರೆ 66 ತಿಂಗಳಾದ ಮೇಲೆ ಒಂದು ವರ್ಷ ಬಿಡುವು ಸಿಗಬೇಕು. ನಮ್ಮ ಶಾಖೆಯವರು 54ಕ್ಕೇ ಒಂದು ವರ್ಷ ಸೇರಿಸಿ ಕೈ ತೊಳೆದುಕೊಂಡಿದ್ದರು. ನೋಂದಣಿಗೆ ಅರ್ಜಿ ಹಾಕುವ ಮೊದಲೇ ಕಂತಿನ ಸಂದೇಶ ಮೊಬೈಲಿಗೆ ಬಂದಿತ್ತು!

ಕೇಳಲು ಹೋದಾಗ ಸಾಲ ವಿಭಾಗದವರ ಉತ್ತರ: "ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಬರುತ್ತಿತ್ತಲ್ಲಮ್ಮ, ಅದು ಕೆಲಸವೇ. ಅದನ್ನು ಕೋರ್ಸ್ ಎನ್ನುತ್ತಾರೆಯೇ?" ರಾತ್ರಿಪಾಳಿ ಮಾಡಿ ಪಡೆದ ಸ್ಟೈಪೆಂಡ್ ಹಾಸ್ಟೆಲ್ಲಿಗೂ ಮೆಸ್ಸಿಗೂ ಹೋಯಿತು ಎಂದರೆ ನಕ್ಕರು.

ಮ್ಯಾನೇಜರ್ ಮಾತ್ರ ಬೆಣ್ಣೆಯಂಥ ಮನುಷ್ಯ. ಅಪ್ಪನನ್ನು ಕೂರಿಸಿ ಕಾಫಿ ತರಿಸಿದರು. "ಮಗಳು ಡಾಕ್ಟರ್, ನಿಮಗೇನು ಚಿಂತೆ ಸಾರ್? ಮುಂದೂಡಲು ಅರ್ಜಿ ಕೊಡಿ, ಮೇಲಿನ ಕಚೇರಿಗೆ ನಾನೇ ಕಳುಹಿಸುತ್ತೇನೆ. ಅಲ್ಲಿಯವರೆಗೆ ಕಂತಿನ ಸಂದೇಶ ಬಂದರೂ ಗಮನ ಕೊಡಬೇಡಿ." ಗಮನ ಕೊಡಬೇಡಿ! ಈ ಮಾತನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅರ್ಜಿ, ಇಂಟರ್ನ್‌ಶಿಪ್ ಪ್ರಮಾಣಪತ್ರ ಎಲ್ಲ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಕೇಳಿದೆ. "ನಿಮಗೆ ಏಳು ಲಕ್ಷ ಕೊಟ್ಟ ಬ್ಯಾಂಕಿನ ಮೇಲೆ ನಂಬಿಕೆ ಇಲ್ಲವೇ?" ಎಂದರು. ಅಪ್ಪ ನನ್ನನ್ನೇ ಗದರಿದರು. ಆಮೇಲೆ ಒಂದು ಅಚ್ಚಾದ ಹಾಳೆ ಮುಂದೆ ಬಂತು. "ಇಲ್ಲೊಂದು ಸಹಿ, ಅಪ್ಪನದೂ ಒಂದು. ಇದಿದ್ದರೆ ಮುಂದೂಡಿಕೆ ಬೇಗ ಆಗುತ್ತದೆ."

ಮೂರು ತಿಂಗಳು ಕಳೆಯಿತು. ಕಂತು ಬಾಕಿಯಾಗಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಯಿತು. ಮೊದಲ ನೋಟಿಸ್ ಬಂದದ್ದು ನಮಗಲ್ಲ, ಜಾಮೀನು ಹಾಕಿದ ಸೋದರಮಾವನಿಗೆ, ಅದೂ ಅವರ ಅಂಗಡಿಗೆ. ಅವರು ಅಮ್ಮನಿಗೆ ಫೋನ್ ಮಾಡಿ, "ಅಕ್ಕ, ಗಿರಾಕಿಗಳೆದುರೇ ಅಂಚೆಯವನು ಸಹಿ ಹಾಕಿಸಿಕೊಂಡು ಹೋದ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ಹಬ್ಬಕ್ಕೆ ಅವರ ಮನೆಗೆ ನಾನು ಹೋಗಲಿಲ್ಲ.

ಶಾಖೆಗೆ ಓಡಿದರೆ ಹಳೆಯ ಮ್ಯಾನೇಜರ್ ವರ್ಗವಾಗಿದ್ದರು. ಹೊಸಬರು ಕಡತ ತಿರುವಿ, "ನಿಮ್ಮ ಅರ್ಜಿಯೇ ಇಲ್ಲವಲ್ಲ" ಎಂದರು. ಅರ್ಜಿ ಇಲ್ಲ. ಆದರೆ ಅದೇ ದಿನ ಅದೇ ಮೇಜಿನ ಮೇಲೆ ನಾವು ಸಹಿ ಹಾಕಿದ ಆ ಹಾಳೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿತ್ತು. ಅದು ಸಾಲ ಒಪ್ಪಿಗೆ ಪತ್ರ! ಇಷ್ಟು ಸಾಲ ಬಾಕಿ ಇರುವುದು ನಿಜ ಎಂದು ನಾವು ಬರೆದುಕೊಟ್ಟ ಹಾಗೆ. ದಾವೆ ಹೂಡುವ ಮೂರು ವರ್ಷದ ಕಾಲಮಿತಿ ಮತ್ತೆ ಹೊಸದಾಗಿ ಶುರುವಾಗಲಿ ಎಂದು ಬ್ಯಾಂಕು ತೆಗೆದುಕೊಳ್ಳುವ ಕಾಗದ. ಮುಂದೂಡಿಕೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. "ಸಹಿ ನಿಮ್ಮದೇ ತಾನೇ ಮೇಡಂ?" ಎಂದು ಕೇಳಿದರು. ಅಪ್ಪ ತಲೆ ಎತ್ತಲಿಲ್ಲ.

ಈಗಲಾದರೂ ಮುಂದೂಡಿ ಎಂದೆ. "ಖಾತೆ ಎನ್‌ಪಿಎ ಆಗಿದೆ, ಮೊದಲು ಬಾಕಿ ಕಟ್ಟಿ, ಆಮೇಲೆ ನೋಡೋಣ." ಕಟ್ಟಲು ಹಣವಿದ್ದರೆ ಮುಂದೂಡಿ ಎಂದು ಯಾಕೆ ಕೇಳುತ್ತಿದ್ದೆ? ನಿರುದ್ಯೋಗದ ಕಾಲದಲ್ಲಿ ಎರಡು ಮೂರು ಬಾರಿ ಬಿಡುವು ಕೊಡಬಹುದು ಎಂದು ಮಾದರಿ ಯೋಜನೆಯಲ್ಲಿದೆ ಎಂದೆ. "ಅದು ಮಾದರಿ ಮೇಡಂ, ನಮ್ಮ ಬ್ಯಾಂಕಿನ ನಿಯಮ ಬೇರೆ." ಸಾಲ ಸರಿಯಾಗಿ ಕಟ್ಟುತ್ತೇವೆಯೇ ಎಂದು ತೋರಿಸುವ ಸಿಬಿಲ್ ಅಂಕ ಬಿದ್ದಿದೆ, ನನ್ನದೂ ಅಪ್ಪನದೂ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಕರೆ ಮಾಡುತ್ತಾರೆ. ಸಂಜೆ 7ರ ಮೇಲೆ, ಬೆಳಿಗ್ಗೆ 8ಕ್ಕೆ ಮೊದಲು ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ, ಕೇಳುವವರು ಯಾರು?

ಮಂಜೂರಾತಿ ಪತ್ರದಲ್ಲಿ ಕೋರ್ಸ್ ಅವಧಿ ತಪ್ಪಾಗಿದ್ದರೆ ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಕಾಲೇಜಿನ ಪತ್ರ ಸೇರಿಸಿ ಬ್ಯಾಂಕಿಗೆ ಇಮೇಲ್ ಮಾಡಿ. ಕಾಫಿ ಕುಡಿಯಬೇಡಿ. ಹೊಸ ಕಂತಿನ ಪಟ್ಟಿ ಕೈಗೆ ಬರುವ ತನಕ ಏನೂ ಆಗಿಲ್ಲ ಎಂದೇ ತಿಳಿಯಿರಿ. ಮುಂದೂಡಿದರೂ ಬಡ್ಡಿ ನಿಲ್ಲುವುದಿಲ್ಲ. ಕೇಂದ್ರದ ಬಡ್ಡಿ ಸಹಾಯಧನ ಇರುವವರಿಗೂ ಅದು ಕೋರ್ಸ್ ಮತ್ತು ಒಂದು ವರ್ಷಕ್ಕೆ ಮಾತ್ರ, ಆಚೆಗಿನದು ನಮ್ಮ ತಲೆಗೇ.

ಮುಖ್ಯ ಕಚೇರಿಗೆ ದೂರು ಕೊಟ್ಟೆ. "ನಿಮ್ಮ ದೂರು ಪರಿಹಾರವಾಗಿದೆ" ಎಂಬ ಸಂದೇಶ ಬಂತು. ಏನು ಪರಿಹಾರ ಎಂದು ಕೇಳಿದರೆ "ನಿಮ್ಮ ಶಾಖೆಯನ್ನು ಸಂಪರ್ಕಿಸಿ" ಎನ್ನುತ್ತಾರೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಇಲ್ಲವೇ ಇಂಥ ಉತ್ತರ ಕೊಟ್ಟರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಆ ಸಂದೇಶವನ್ನೇ ಮೊದಲ ದಾಖಲೆಯಾಗಿ ಲಗತ್ತಿಸಿ ಕಳುಹಿಸಿದ್ದೇನೆ.