ಶಬ್ದ ಉಂಟು, ಮಾತಿಲ್ಲ

ನೀರ್ಚಾಲಿನ ನಮ್ಮ ಮನೆಯಲ್ಲಿ ಸಂಜೆ ಟಿವಿ ಹಾಕಿದರೆ ತೋಟದ ಆಚೆಯ ಮನೆಯವರಿಗೂ ವಾರ್ತೆ ಕೇಳುತ್ತಿತ್ತು. ಮಾವನಿಗೆ ಮಾತ್ರ ಇಲ್ಲ. "ಶಬ್ದ ಉಂಟು, ಮಾತಿಲ್ಲ" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯೇ. ವಯಸ್ಸಾಗಿ ಕಿವಿ ಮಂದವಾಗುವಾಗ ಮೊದಲು ಹೋಗುವುದು ಏರು ಶ್ರುತಿಯ ಸದ್ದು. ಸ, ಶ, ತ, ಕ ಎಲ್ಲ ಅಲ್ಲೇ ಇರುವುದು. ವಾಲ್ಯೂಮ್ ಏರಿಸಿದರೆ ಆ, ಓ ಇನ್ನಷ್ಟು ಜೋರಾಗುತ್ತವೆ, ಅಷ್ಟೆ. ಕಿವಿಯ ಮೆಷಿನ್ ಇದೆ, ಹೆಚ್ಚಾಗಿ ಕಪಾಟಿನಲ್ಲಿ.

ಮೊದಲು ಸೌಂಡ್‌ಬಾರ್ ತಂದೆವು, ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್. ತೆಳ್ಳಗಿನ ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಇದು ನೇರ ಎದುರಿಗೆ ಬಿಡುತ್ತದೆ. ಮಾತು ತುಸು ಬಿಡಿಯಾಯಿತು ನಿಜ. ಆದರೆ ಧಾರಾವಾಹಿಯ ಹಿನ್ನೆಲೆ ಸಂಗೀತವೂ ಗುಡುಗತೊಡಗಿತು. ಮಾವನ ಕುರ್ಚಿ 12 ಅಡಿ ದೂರ. ಜೂನ್‌ನಲ್ಲಿ ಶೀಟಿನ ಮೇಲೆ ಮಳೆ ಹೊಯ್ದಾಗ ನನಗೇ ಕೇಳಲಿಲ್ಲ.

ಆಮೇಲೆ ಮೈದುನ ಕೊಟ್ಟ ಬ್ಲೂಟೂತ್ ಹೆಡ್‌ಫೋನ್. ಮೊದಲ ರಾತ್ರಿ ವಾರ್ತೆ ಕೇಳಿ ಮಾವನಿಗೆ ಭಾರಿ ಖುಷಿ. ಮರುದಿನ ಯಕ್ಷಗಾನ ಹಾಕಿದೆವು. ಐದೇ ನಿಮಿಷ, ತೆಗೆದಿಟ್ಟರು. "ಈ ಚೆಂಡೆಯವನಿಗೆ ಎಂತಾಗಿದೆ? ತಾಳವೇ ಇಲ್ಲ." ಎಷ್ಟೋ ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಬಿಡುತ್ತಾರಾ? ನಾನೂ ಹಾಕಿ ನೋಡಿದೆ. ಕೋಲು ಬಿದ್ದ ಮೇಲೆ ಪೆಟ್ಟು ಕೇಳುತ್ತಿತ್ತು. ಬ್ಲೂಟೂತಿನಲ್ಲಿ ಧ್ವನಿ ಸೆಕೆಂಡಿನ ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಡವಾಗುತ್ತದೆ. ಕೆಲವು ಟಿವಿಗಳಲ್ಲಿ ಇದನ್ನು ಸರಿಹೊಂದಿಸಬಹುದು, ನಮ್ಮದರಲ್ಲಿ ಆಗಲಿಲ್ಲ. ಜೊತೆಗೆ, ಅವರು ಹೆಡ್‌ಫೋನ್ ಹಾಕಿದರೆ ಟಿವಿ ಮೂಕ. ಅತ್ತೆ ಎಷ್ಟು ದಿನ ಸುಮ್ನಿರುತ್ತಾರೆ?

ಬ್ಲೂಟೂತ್ ಅಲ್ಲದ, ಬೇರೆ ಬಗೆಯ ರೇಡಿಯೋ ಅಲೆಯ ವಯರ್‌ಲೆಸ್ ಹೆಡ್‌ಫೋನನ್ನು ಗೆಳತಿಯಿಂದ ಎರಡು ವಾರಕ್ಕೆ ಕೇಳಿ ತಂದೆ. ತಾಳ ಸರಿಯಾಯಿತು. ಗೋಡೆಯಾಚೆ ಅಡುಗೆಮನೆಗೆ ಹೋದರೂ ಕೇಳುತ್ತದೆ. ಆದರೆ ಕಿವಿ ಪೂರ್ತಿ ಮುಚ್ಚುವುದರಿಂದ ಊಟಕ್ಕೆ ಕರೆದರೆ ಗೊತ್ತಾಗದು. ಮೆಷಿನ್ ಮೇಲೆ ಹಾಕಿದರೆ ಕುಯ್ಯೆಂದು ಸಿಳ್ಳೆ. ಏಪ್ರಿಲ್ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಕೂರುವವರು ಯಾರು?

ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ಅಗ್ಗದ್ದು. ಕಂಪ್ಯೂಟರಿಗೆ ಹಾಕುವ ಸಣ್ಣ ಸ್ಪೀಕರ್, 5 ಮೀಟರ್ ವಯರ್. ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೆಂಪು-ಬಿಳಿ ತೂತಿನಿಂದ ಎಳೆದು, ಕುರ್ಚಿಯ ಪಕ್ಕ ಸ್ಟೂಲಿನ ಮೇಲೆ ಇಟ್ಟೆವು. ಕಿವಿಯಿಂದ ಒಂದೂವರೆ ಅಡಿ. ಬಯಲಲ್ಲಾದರೆ ದೂರ ಅರ್ಧವಾದಷ್ಟು ಸಲ ಸದ್ದು 6 ಡೆಸಿಬಲ್ ಏರುತ್ತದೆ. ಕೋಣೆಯೊಳಗೆ ಅಷ್ಟಾಗದಿದ್ದರೂ ವ್ಯತ್ಯಾಸ ದೊಡ್ಡದು. ಟಿವಿಯ ಸದ್ದು ಅತ್ತೆಗೆ ಬೇಕಾದಷ್ಟು, ಸ್ಪೀಕರಿನ ತಿರುಗಣೆ ಮಾವನ ಕೈಯಲ್ಲಿ. ಚಾರ್ಜ್ ಮಾಡುವ ರಗಳೆ ಇಲ್ಲ. ದಪ್ಪ ಸ್ವರ ತಗ್ಗಿಸುವ ಇನ್ನೊಂದು ತಿರುಗಣೆಯೂ ಇದೆ. ಅದನ್ನು ಪೂರ್ತಿ ಇಳಿಸಿದ ಮೇಲೆ ಮಾತು ಇನ್ನೂ ಬಿಡಿಯಾಯಿತು. ಕಾಲಿಗೆ ಸಿಕ್ಕದಂತೆ ವಯರನ್ನು ಗೋಡೆ ಬದಿಯಲ್ಲೇ ಕ್ಲಿಪ್ ಹೊಡೆದು ತರಬೇಕು, ಅದೊಂದು ಕೆಲಸ.

ಕರೆಂಟ್ ಹೋದರೆ ಎಲ್ಲವೂ ಒಂದೇ, ಬಿಡಿ. ಚೆಂಡೆಯವನ ಮೇಲಿನ ದೂರು ನಿಂತಿದೆ. ಈಗ ಭಾಗವತರ ಸರದಿ.