ಶರಾವತಿ ಹಿನ್ನೀರಿಗೆ ಕ್ಯಾಂಪರ್ ವ್ಯಾನ್ ಬಾಡಿಗೆ ಹಿಡಿಯುವ ಮುಂಚೆ ಇದನ್ನೊಮ್ಮೆ ಓದಿ

ಶಿವಮೊಗ್ಗದಲ್ಲಿ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಬಾಡಿಗೆಗೆ ಕೊಡುವ ಒಬ್ಬನಿಗೆ ನಾವು 25,000 ರೂಪಾಯಿ ಡಿಪಾಸಿಟ್ ಕೊಟ್ಟೆವು. ವಾಪಸ್ ಬಂದಿದ್ದು 500 ರೂಪಾಯಿ. ಬಾಡಿಗೆ ಬೇರೆ, ಅದು ದಿನಕ್ಕೆ 8,500. ದುಡ್ಡು ಹೋಯಿತು ಅನ್ನುವ ಸಂಕಟ ಒಂದು ಕಡೆ. ಆ 500 ರೂಪಾಯಿ ಫೋನಿಗೆ ಬಂದು ಬಿದ್ದಾಗ ಆದ ಅವಮಾನ ಅದಕ್ಕಿಂತ ಜಾಸ್ತಿ. ಇದನ್ನು ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ. ನಮ್ಮ ಹಾಗೆ ರಿಟೈರ್ ಆಗಿ, ಇಬ್ಬರೇ ಆರಾಮಾಗಿ ಸುತ್ತಾಡಿ ಬರೋಣ ಅಂತ ಈ ಗಾಡಿಗಳ ಜಾಹೀರಾತು ನೋಡುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಮ್ಮನೆಯವರು ವಿದ್ಯುತ್ ಇಲಾಖೆಯಲ್ಲಿದ್ದವರು. ಅವರ ಅಪ್ಪನ ಮನೆ, ಗದ್ದೆ, ತೋಟ ಎಲ್ಲವೂ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಇವರಿನ್ನೂ ಸಣ್ಣ ಮಗು. ಮುಳುಗಡೆ ಕುಟುಂಬ ಅಂದರೆ ಏನು ಅಂತ ಸಾಗರ, ಹೊಸನಗರದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ನೀರಿನ ದಡದಲ್ಲಿ ಒಂದು ರಾತ್ರಿ ಇರಬೇಕು ಅಂತ ಇವರಿಗೆ ಬಹಳ ವರ್ಷದ ಆಸೆ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವ ಕಾಲದಲ್ಲಿ ದೊಡ್ಡ ಗಾಡಿ ತಗೊಂಡು ಹೋಗುವ ಯೋಚನೆಯೇ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತಲ್ಲ, 2.44 ಕಿಲೋಮೀಟರ್ ಉದ್ದದ್ದು, ಈಗ ಸೀದಾ ದಾಟಬಹುದು. ಅದಾದ ಮೇಲೆ ನನ್ನ ಫೋನಿನಲ್ಲಿ ಈ ಜಾಹೀರಾತು ಕಾಣತೊಡಗಿತು. 'ಹಾಸಿಗೆಯಲ್ಲಿ ಮಲಗಿಕೊಂಡೇ ಹಿನ್ನೀರು ನೋಡಿ. ರಾತ್ರಿಯಿಡೀ ಎ.ಸಿ. ಅಡುಗೆಮನೆ, ಟಾಯ್ಲೆಟ್ ಎಲ್ಲಾ ಒಳಗೇ.' ಕಿಟಕಿಯಾಚೆ ಮಡೆನೂರಿನ ಹಳೇ ಅಣೆಕಟ್ಟು ಕಾಣುವ ಫೋಟೋ ಬೇರೆ.

ಆ ಫೋಟೋ ಬಗ್ಗೆ ಗಾಡಿಯವನನ್ನು ಆಗಲೇ ಕೇಳಿದ್ದೆ. ಮಡೆನೂರಿನದ್ದು 1948ರಲ್ಲಿ ಮುಗಿದ ಅಣೆಕಟ್ಟು, ಈಗ ಲಿಂಗನಮಕ್ಕಿಯ ನೀರಿನೊಳಗಿದೆ. ಕಡು ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಮೇಲೆ ಕಾಣುತ್ತದೆ. ನಾವು ಹೊರಟಿದ್ದು ನವೆಂಬರಿನಲ್ಲಿ. "ಅದು ಬೇಸಿಗೆ ಫೋಟೋ ಅಮ್ಮ, ಸುಮ್ನೆ ಚೆಂದಕ್ಕೆ ಹಾಕಿದ್ದು. ಜಾಗ ಅದಕ್ಕಿಂತ ಚೆನ್ನಾಗಿದೆ. ನಾನು ನಿಮ್ಮ ಮಗ ಅಂದ್ಕೊಳ್ಳಿ, ಮೋಸ ಮಾಡ್ತೀನಾ?" ಅಂದ. ಈ ಮಾತು ನೆನಪಿಡಿ. ದುಡ್ಡು ಕೈಗೆ ಬರುವವರೆಗೂ ನಾನು ಅವನಿಗೆ ಅಮ್ಮ, ಇವರು ಅಪ್ಪಾಜಿ.

ಗಾಡಿ ಕೊಡುವುದು ಬೆಳಗ್ಗೆ ಐದೂವರೆಗೆ ಅಂದ. ಎಂಟು ಗಂಟೆಗೆ ಬರುತ್ತೇವೆ ಅಂದರೆ ಒಪ್ಪಲಿಲ್ಲ. ಆಮೇಲೆ ತನಗೆ ಬೇರೆ ಊರಿಗೆ ಹೋಗಲಿಕ್ಕಿದೆಯಂತೆ. ಊರ ಹೊರಗೆ ಒಂದು ಖಾಲಿ ಸೈಟು. ಬೀದಿದೀಪ ಇಲ್ಲ. ಮಂಜು ಬೇರೆ. ಫೋನಿನ ಟಾರ್ಚಿನಲ್ಲಿ ಗಾಡಿ ಸುತ್ತ ವಿಡಿಯೋ ಮಾಡಿದೆ. ಅರ್ಧಕ್ಕರ್ಧ ಕತ್ತಲೆ. ಗಾಡಿಯ ಮುಂದೆ ನೋಡಿದರೆ ಬಿಳಿ ಬೋರ್ಡು, ಅಂದರೆ ಖಾಸಗಿ ಗಾಡಿಯ ನಂಬರ್ ಪ್ಲೇಟು! ಜಾಹೀರಾತಿನಲ್ಲಿ ನಂಬರ್ ಪ್ಲೇಟನ್ನು ಅಳಿಸಿದ್ದ. ಇವರು ತಕ್ಷಣ ಕೇಳಿದರು, "ಏನಪ್ಪಾ, ಬಾಡಿಗೆ ಗಾಡಿಗೆ ಬಿಳಿ ಬೋರ್ಡ್ ಹೆಂಗೆ?" ಅವನು, "ಆ ಗಾಡಿ ಸರ್ವೀಸಿಗೆ ಹೋಗಿದೆ ಅಪ್ಪಾಜಿ, ಇದೂ ಅದೇ ಥರದ್ದು. ಯಾರಾದ್ರೂ ಕೇಳಿದ್ರೆ ಸಂಬಂಧಿಕರ ಗಾಡಿ ಅನ್ನಿ" ಅಂದ.

ನನಗೆ ಅಲ್ಲಿಂದಲೇ ತಿರುಗಿ ಹೋಗೋಣ ಅನ್ನಿಸಿತು. ಇವರಿಗೂ ಅನ್ನಿಸಿತು. ಆದರೆ ಬಾಡಿಗೆ ಪೂರ್ತಿ, ಡಿಪಾಸಿಟ್ ಪೂರ್ತಿ ಹಿಂದಿನ ದಿನವೇ ಕಟ್ಟಿಸಿಕೊಂಡಿದ್ದ. "ಕ್ಯಾನ್ಸಲ್ ಮಾಡಿದ್ರೆ ಬಾಡಿಗೆ ವಾಪಸ್ ಬರಲ್ಲ" ಅಂತ ಆಗ ಹೇಳಿದ. ಆಗ! ಗಾಡಿ ತೋರಿಸಿ ದುಡ್ಡು ತಗೊಳ್ಳುವುದು ಎಲ್ಲ ಕಡೆಯ ಕ್ರಮ. ಇವನದ್ದು ದುಡ್ಡು ತಗೊಂಡು ಗಾಡಿ ತೋರಿಸುವ ಕ್ರಮ.

ಆಯನೂರು, ಆನಂದಪುರ, ಸಾಗರದವರೆಗೆ ಏನೂ ತೊಂದರೆ ಆಗಲಿಲ್ಲ. ಇಕ್ಕೇರಿಗೆ ಹೋದೆವು, ಸೇತುವೆ ದಾಟಿ ಸಿಗಂದೂರಿನಲ್ಲಿ ಚೌಡೇಶ್ವರಿ ಅಮ್ಮನ ದರ್ಶನ ಮಾಡಿದೆವು. ಗಾಡಿಯ ಟಾಯ್ಲೆಟ್ಟಿನಿಂದ ಮಾತ್ರ ವಾಸನೆ ಬರುತ್ತಲೇ ಇತ್ತು. ಈ ಗಾಡಿಗಳಲ್ಲಿ ಕೆಳಗೆ ಪೆಟ್ಟಿಗೆಯ ಹಾಗೆ ಒಂದು ಟ್ಯಾಂಕ್ ಇರುತ್ತದೆ, ಎಳೆದು ತೆಗೆದು ಖಾಲಿ ಮಾಡಬೇಕು. ಇವರು ಬಾಗಿಲು ತೆರೆದು ನೋಡಿದರೆ ಮುಕ್ಕಾಲು ಭಾಗ ತುಂಬಿದೆ. ನಾವಿನ್ನೂ ಒಂದು ಸಲವೂ ಬಳಸಿರಲಿಲ್ಲ. ಹಿಂದೆ ಯಾರು ಹೋಗಿದ್ದರೋ ಅವರದ್ದು. ಅದನ್ನು ಹಾಗೇ ಇಟ್ಟುಕೊಂಡು ನಾವು ದೇವಸ್ಥಾನಕ್ಕೆ ಹೋಗಿ ಬಂದಿದ್ದೆವು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಊಟ ಸೇರುವುದಿಲ್ಲ.

ರಾತ್ರಿ ಉಳಿಯಲಿಕ್ಕೆ ಅವನೇ ಲೊಕೇಶನ್ ಕಳಿಸಿದ್ದ. "ನಮ್ಮದೇ ಪ್ರೈವೇಟ್ ಜಾಗ, ಪರ್ಮಿಶನ್ ಎಲ್ಲಾ ಇದೆ" ಅಂತ ಬರೆದಿದ್ದ. ತುಮರಿ ದಾಟಿ ಮಣ್ಣಿನ ದಾರಿ. ಕೊನೆಗೆ ನೀರಿನ ಹತ್ತಿರ ಇಳಿಜಾರು. ಹಿನ್ನೀರಿನ ದಡ ಅಂದರೆ ವರ್ಷಪೂರ್ತಿ ಒಂದೇ ಜಾಗದಲ್ಲಿ ಇರುವುದಲ್ಲ. ಬೇಸಿಗೆಯಲ್ಲಿ ನೀರು ದೂರ ಹೋಗಿ ಮೈದಾನ ಬೀಳುತ್ತದೆ, ಗಟ್ಟಿ ನೆಲ, ಗಾಡಿ ಓಡಿಸಬಹುದು. ಮಳೆಗಾಲ ಮುಗಿದ ಹೊಸತರಲ್ಲಿ ನೀರು ಮರಗಳ ಬುಡದವರೆಗೆ ಬಂದಿರುತ್ತದೆ, ಅಂಚೆಲ್ಲಾ ಕೆಸರು. ಇಲ್ಲೇ ವ್ಯಾಪಾರ ಮಾಡುವವನಿಗೆ ಇದು ಗೊತ್ತಿರಲ್ವಾ? ಹಿಂದಿನ ಚಕ್ರ ಹೂತು ಹೋಯಿತು.

ಕತ್ತಲಾಯಿತು. ಎ.ಸಿ. ಬೇಕಾಗಿರಲೇ ಇಲ್ಲ, ಚಳಿ ಇತ್ತು. ದೀಪ ಹಾಕಿ, ನೀರಿನ ಪಂಪ್ ಹಾಕಿದೆವು ಅಷ್ಟೇ. ಎಂಟೂವರೆಗೆಲ್ಲಾ ಬ್ಯಾಟರಿ ಸತ್ತಿತು. ದೀಪ ಇಲ್ಲ, ಪಂಪ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ನಮ್ಮನೆಯವರಿಗೆ ಶುಗರ್ ಇದೆ, ರಾತ್ರಿ ನಾಲ್ಕೈದು ಸಲ ಏಳಬೇಕು. ಟಾಯ್ಲೆಟ್ ಬಳಸುವ ಹಾಗಿಲ್ಲ. ಈ ವಯಸ್ಸಿನಲ್ಲಿ ಟಾರ್ಚ್ ಹಿಡಿದುಕೊಂಡು ಕಾಡಿನ ಅಂಚಿಗೆ ಇಳಿಯಬೇಕಾಯಿತು, ಅವರೂ, ನಾನೂ.

ಇವರು ಸೀಟಿನ ಕೆಳಗೆ ಬಗ್ಗಿ ಬ್ಯಾಟರಿ ನೋಡಿದರು. 150 ಆಂಪಿಯರ್ ಅವರ್, 12 ವೋಲ್ಟ್. ಮೇಲೆ 2018 ಅಂತ ಒತ್ತಿದೆ. ಹೊಸದಿದ್ದರೂ ಅದರಲ್ಲಿ ತುಂಬುವುದು 1,800 ವ್ಯಾಟ್ ಅವರ್. ಒಂದು ಟನ್ನಿನ ಎ.ಸಿ. ಸುಮಾರು 1,000 ವ್ಯಾಟ್ ಎಳೆಯುತ್ತದೆ, ಎರಡು ಗಂಟೆಯೂ ನಡೆಯುವುದಿಲ್ಲ. ರಾತ್ರಿಯಿಡೀ ಎ.ಸಿ. ಅನ್ನುವುದು ಹಸೀ ಸುಳ್ಳು. ಇವರು ಜೀವಮಾನವಿಡೀ ಕರೆಂಟಿನ ಕೆಲಸ ಮಾಡಿದವರು. ಬ್ಯಾಟರಿಯ ಫೋಟೋ ತೆಗೆದಿಟ್ಟರು, ಒಳ್ಳೆಯದಾಯಿತು.

ಒಂಬತ್ತೂವರೆ ಹೊತ್ತಿಗೆ ಬೈಕಿನ ಸದ್ದಾಯಿತು. ಫಾರೆಸ್ಟ್ ವಾಚರ್ ಒಬ್ಬರು, ಜೊತೆಗೆ ಇನ್ನೊಬ್ಬರು. ಟಾರ್ಚ್ ಬಿಟ್ಟರು ಗಾಡಿ ಮೇಲೆ. ನಾವು ಬಾಗಿಲು ತೆಗೆಯುವ ಮುಂಚೆಯೇ ಅವರು ಹೇಳಿದ್ದು ಕೇಳಿಸಿತು. "ಇದೇ ಗಾಡಿ ಮಾರಾಯ. ಮತ್ತೆ ಬಂತು ನೋಡು."

ನನ್ನ ಎದೆ ಧಸಕ್ಕೆಂದಿತು. ಆ ಕ್ಷಣಕ್ಕೆ ಎಲ್ಲಾ ಅರ್ಥವಾಯಿತು. ಈ ಗಾಡಿ ಇವರಿಗೆ ಗೊತ್ತು. ಈ ಜಾಗದಿಂದ ಇದನ್ನು ಮೊದಲೂ ಎಬ್ಬಿಸಿ ಕಳಿಸಿದ್ದಾರೆ. 'ಆ ಗಾಡಿ ಸರ್ವೀಸಿಗೆ ಹೋಗಿದೆ' ಅನ್ನುವುದು ಸುಳ್ಳು, ಬೇರೆ ಗಾಡಿಯೇ ಇಲ್ಲ, ಇರುವುದು ಇದೊಂದೇ. ಪ್ರೈವೇಟ್ ಜಾಗವೂ ಸುಳ್ಳು, ಪರ್ಮಿಶನ್ನೂ ಸುಳ್ಳು. ಅವನಿಗೆ ಎಲ್ಲಾ ಗೊತ್ತಿದ್ದೇ ನಮ್ಮನ್ನು ಕಳಿಸಿದ್ದ. ಅಮ್ಮ ಅಂತ ಕರೆದು ಕಳಿಸಿದ್ದ.

ವಾಚರ್ ಒಳ್ಳೆಯ ಮನುಷ್ಯ. ನಮ್ಮನ್ನು ನೋಡಿದ ಮೇಲೆ ದನಿ ತಗ್ಗಿಸಿದರು. "ಎಂತ ಅಮ್ಮ, ನಿಮ್ಮನ್ನೂ ಇಲ್ಲಿಗೇ ಕಳಿಸಿದ್ನಾ ಅವ? ಇದು ಅಭಯಾರಣ್ಯದ ಜಾಗ. ರಾತ್ರಿ ಇರೂಕೆ ಬಿಡೋದಿಲ್ಲ" ಅಂದರು. ಶರಾವತಿ ಕಣಿವೆ 1972ರಿಂದ ಅಭಯಾರಣ್ಯ. 2019ರಲ್ಲಿ ಸಿಂಗಳೀಕಗಳ ಹೆಸರಿನಲ್ಲಿ ಅದನ್ನು ಇನ್ನೂ ದೊಡ್ಡದು ಮಾಡಿದ್ದಾರೆ. ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು, ಇನ್ನು ಬೀಡು ಬಿಡುವುದು ಹೇಗೆ? ಮೂವತ್ತು ವರ್ಷ ಮಕ್ಕಳಿಗೆ ಕಾಡು ಉಳಿಸಿ ಅಂತ ಪಾಠ ಹೇಳಿದವಳು ನಾನು. ಕಳ್ಳರ ಹಾಗೆ ಟಾರ್ಚಿನ ಬೆಳಕಿನಲ್ಲಿ ನಿಂತಿದ್ದೆ.

ಅವರೇ ಊರಿನಿಂದ ಒಂದು ಟ್ರ್ಯಾಕ್ಟರ್ ಕರೆಸಿದರು. ಎಳೆಸಿದ್ದಕ್ಕೆ 2,000 ಆಯಿತು. ಆ ರಾತ್ರಿ ಊರಿನ ಒಂದು ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡೆವು. ಆ ಮನೆಯವರು ಬಿಸಿನೀರು ಕೊಟ್ಟರು, ಗಂಜಿ ಊಟ ಹಾಕಿದರು. ದುಡ್ಡು ಮುಟ್ಟಲಿಲ್ಲ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು. "ಲೊಕೇಶನ್ ಸಜೆಶನ್ ಅಷ್ಟೇ ಸರ್. ಎಲ್ಲಿ ಪಾರ್ಕ್ ಮಾಡ್ತೀರ ಅನ್ನೋದು ನಿಮ್ಮ ರಿಸ್ಕ್." ಅಪ್ಪಾಜಿ ಹೋಗಿ ಸರ್ ಆಗಿತ್ತು. ಬ್ಯಾಟರಿ ಬಗ್ಗೆ ಕೇಳಿದ್ದಕ್ಕೆ, "ಎ.ಸಿ. ಹಾಕಿ ನೀವೇ ಡ್ರೈನ್ ಮಾಡಿರ್ತೀರ." ಟಾಯ್ಲೆಟ್ ಬಗ್ಗೆ ಹೇಳಿದ್ದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟೇ ಉತ್ತರ.

ಟ್ರಿಪ್ ಅಲ್ಲಿಗೇ ಮುಗಿಸಿ ಮಾರನೇ ದಿನ ಗಾಡಿ ತಂದೆವು. ಆಗ ಮಾತ್ರ ಚೆನ್ನಾಗಿ ಬೆಳಕಿರುವಾಗ ಬಂದ, ಜೊತೆಗೆ ಇನ್ನಿಬ್ಬರು ಹುಡುಗರು. ಸೀದಾ ಹಿಂದಿನ ಬಂಪರ್ ಹತ್ತಿರ ಹೋಗಿ ಬಗ್ಗಿದ. ಹುಡುಕಲೇ ಇಲ್ಲ, ಸೀದಾ ಅಲ್ಲಿಗೇ ಹೋದ. "ಇಲ್ಲಿ ಜಜ್ಜಿದೆ ಸರ್, 9,000." ಟಾಯ್ಲೆಟ್ ಕ್ಲೀನಿಂಗ್ 3,500. ಬ್ಯಾಟರಿ ಹಾಳು ಮಾಡಿದ್ದಕ್ಕೆ 12,000. ಒಟ್ಟು 24,500. ಉಳಿದ 500 ಅಲ್ಲೇ ನಿಂತು ಫೋನ್‌ಪೇ ಮಾಡಿದ. ಉಳಿದ ದಿನಗಳ ಬಾಡಿಗೆಯ ಮಾತೇ ಇಲ್ಲ.

ವಿಡಿಯೋ ತೋರಿಸಿದೆ. "ಕತ್ತಲಲ್ಲಿ ಏನೂ ಕಾಣಲ್ಲ ಮೇಡಂ." ಬ್ಯಾಟರಿ ಮೇಲಿನ 2018 ತೋರಿಸಿದರು ಇವರು. "ಅದು ಮಾಡೆಲ್ ನಂಬರ್ ಸರ್." ವಿದ್ಯುತ್ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಇವನು ಬ್ಯಾಟರಿ ಪಾಠ ಹೇಳುತ್ತಾನೆ! ಟಾಯ್ಲೆಟ್ ನಾವು ಬಳಸಿಯೇ ಇಲ್ಲ ಅಂದೆ. ಅವನು ಆ ಹುಡುಗರ ಕಡೆ ತಿರುಗಿ ನಕ್ಕ. "ಮತ್ತೆ ಯಾರದ್ದು ಮೇಡಂ ಅದು?" ಅಂದ. ಮೂರು ಜನ ಗಂಡಸರ ಮುಂದೆ ನಾನು ಅದಕ್ಕೆ ಏನಂತ ಉತ್ತರ ಕೊಡಲಿ? ಇವರು ನನ್ನ ಕೈ ಹಿಡಿದು "ಬಾ, ಹೋಗೋಣ" ಅಂದರು. ಇವರ ಮುಖ ಕೆಂಪಾಗಿತ್ತು. ಬಿ.ಪಿ. ಏರುತ್ತದೆ ಅಂತ ಹೆದರಿ ನಾನೂ ಸುಮ್ಮನೆ ಬಂದೆ.

ಮಗಳು ಬಂದ ಮೇಲೆ ಎಲ್ಲಾ ತೆಗೆದು ನೋಡಿದಳು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಖಾಸಗಿ ಬಳಕೆ ಅಂತಲೇ ಇದೆ. ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಇನ್ಶೂರೆನ್ಸಿನವರು ಕ್ಲೇಮ್ ತಳ್ಳಿಹಾಕಬಹುದು. ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯ ಒಳಗೆ ಮಂಚ, ಒಲೆ, ಸಿಲಿಂಡರ್ ಕೂರಿಸಿದ್ದಾನೆ, ಹಾಗೆ ಬದಲಾಯಿಸಿದರೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಆರ್‌ಸಿಯಲ್ಲಿ ಆ ಸುದ್ದಿಯೇ ಇಲ್ಲ. ಸೇತುವೆ ಮೇಲೆ ಏನಾದರೂ ಆಗಿದ್ದರೆ ನಮ್ಮ ಪಿಂಚಣಿ, ಮನೆ ಎಲ್ಲಾ ಅದಕ್ಕೇ ಹೋಗುತ್ತಿತ್ತು.

ಹಾಗಾಗಿ ಇಷ್ಟು ಮಾಡಿ. ಬೋರ್ಡ್ ನೋಡಿ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತದ್ದಾದರೆ ಹಳದಿ ಪ್ಲೇಟು, ಕಪ್ಪು ಅಕ್ಷರ. ಬಿಳಿ ಬೋರ್ಡ್ ಕಂಡರೆ ಮಾತೇ ಬೇಡ. ಗಾಡಿ ನಂಬರ್ ಕೊಡದಿದ್ದರೆ ದುಡ್ಡು ಕಳಿಸಬೇಡಿ. ಬೆಳಕು ಹರಿಯದೆ ಗಾಡಿ ಮುಟ್ಟಬೇಡಿ. ಟಾಯ್ಲೆಟ್ ಟ್ಯಾಂಕನ್ನು ಅವನ ಕೈಯಲ್ಲೇ ತೆಗೆಸಿ ನೋಡಿ, ನಾಚಿಕೊಳ್ಳಬೇಡಿ. ಅಪ್ಪ ಅಮ್ಮ ಅಂತ ಕರೆಯುವವನ ಹತ್ತಿರ ಇನ್ನೂ ಎರಡು ಕಾಗದ ಜಾಸ್ತಿ ಕೇಳಿ. ಹಿನ್ನೀರು ನೋಡಲೇಬೇಕು ಅಂದರೆ ನಿಮ್ಮ ಕಾರಿನಲ್ಲೇ ಹೋಗಿ, ಸಾಗರದಲ್ಲೋ ಜೋಗದಲ್ಲೋ ರೂಮ್ ಮಾಡಿ. ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯದ್ದೇ ಶಿಬಿರ ಇದೆ, ಅದೂ ಹಿನ್ನೀರಿನ ದಡದಲ್ಲೇ.

ನಾವು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ್ದೇವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕುತ್ತಿದ್ದೇವೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರಿಲ್ಲದೆ ನಾವೇ ವಾದಿಸಬಹುದು, ಎರಡು ವರ್ಷದೊಳಗೆ ಹಾಕಬೇಕು. ಆರ್‌ಟಿಓಗೂ ಬರೆದು ಕೊಟ್ಟಿದ್ದೇವೆ.

ಇನ್ನೊಂದು ಮಾತು. ಅವನ ಜಾಹೀರಾತಿನ ಎರಡನೇ ಫೋಟೋವನ್ನು ಮಗಳು ದೊಡ್ಡದು ಮಾಡಿ ನೋಡಿದಳು. ಬಂಪರಿನ ಎಡಗಡೆ ಅದೇ ಜಜ್ಜು. ನಾವು ಆ ಗಾಡಿ ಕಣ್ಣಲ್ಲಿ ನೋಡುವುದಕ್ಕೂ ಎಷ್ಟೋ ಮೊದಲು ಹಾಕಿದ ಫೋಟೋ ಅದು! ಅದನ್ನು ಅವನಿಗೆ ಕಳಿಸಿದ ಸಂಜೆಗೇ ಜಾಹೀರಾತಿನಿಂದ ಆ ಫೋಟೋ ತೆಗೆದುಬಿಟ್ಟ. ನಮ್ಮ ಹತ್ತಿರ ಅದರ ಪ್ರತಿ ತಾರೀಖಿನ ಸಮೇತ ಇದೆ. ಅದೇ ಜಜ್ಜಿಗೆ ನಿಮ್ಮ ಹತ್ತಿರವೂ ದುಡ್ಡು ಕಿತ್ತಿದ್ದರೆ ಅವನ ಮೆಸೇಜುಗಳನ್ನು ಅಳಿಸಬೇಡಿ, ದುಡ್ಡು ಕಳಿಸಿದ ರಸೀದಿಯನ್ನೂ ಇಟ್ಟುಕೊಳ್ಳಿ. ನನಗೆ ತಿಳಿಸಿ, ನಮ್ಮ ದೂರಿನ ಜೊತೆ ನಿಮ್ಮದನ್ನೂ ಸೇರಿಸಿ ಹಾಕೋಣ.